ಅಟ್ಟದಿಂದ ಇಳ್ಸಿದ ಗೇಮ್‌ಬಾಯ್‌ಗೆ ಫ್ಲ್ಯಾಶ್ ಕಾರ್ಟ್ ಹಾಕೋದು ಹೆಂಗೆ, ಮತ್ತೆ ಆ ಪೈರಸಿ ವಿಷ್ಯ

ಕೊಡಗಿನ ಮನೆಗಳಿಗೆ ಗೇಮ್‌ಬಾಯ್ ಥರದ ನಿಂಟೆಂಡೋ ಸಾಮಾನು, ಅಂದ್ರೆ ಕೈಲಿ ಹಿಡಿದು ಆಡೋ ವಿಡಿಯೋ ಗೇಮ್ ಮಷೀನು, ಬಂದಿರೋ ದಾರಿ ಹೆಚ್ಚುಕಮ್ಮಿ ಎರಡೇ. ಒಂದು, ಮಿಲಿಟ್ರಿಲಿದ್ದ ಮಾವ ಫಾರಿನ್ ಡ್ಯೂಟಿ ಮುಗಿಸಿ ಬರೋವಾಗ ತಂದಿದ್ದು, ಇನ್ನೊಂದು ಗಲ್ಫಿಂದ ನೆಂಟ್ರು ತಂದಿದ್ದು. ವಿರಾಜಪೇಟೆಲೋ ಗೋಣಿಕೊಪ್ಪದಲ್ಲೋ ಅಂಗಡಿಗೆ ಹೋಗಿ ಗೇಮ್‌ಬಾಯ್ ಅಡ್ವಾನ್ಸ್ ಕೊಡಿ ಅಂತ ಕೇಳಿ ತಗೊಂಡೋರು ನಂಗಂತೂ ಯಾರೂ ಸಿಕ್ಕಿಲ್ಲ. ಆಗ ಆಡ್ತಿದ್ದ ಹುಡುಗ್ರೆಲ್ಲ ಈಗ ಬೆಂಗಳೂರು ಮೈಸೂರಲ್ಲಿ ಕೆಲ್ಸದಲ್ಲಿದಾರೆ, ಹುತ್ತರಿಗೋ ಕೈಲ್‌ಪೋಳ್ದ್‌ಗೋ ಊರಿಗೆ ಬಂದಾಗ ಅಟ್ಟದಿಂದ ಡಬ್ಬ ಇಳ್ಸಿ, ಇನ್ನೂ ಆನ್ ಆಗ್ತಿದೆ ಮಾರಾಯ ಅಂತ ಫೋಟೋ ಕಳಿಸ್ತಾರೆ, ಮಾರನೇ ದಿನ ಎರಡು ಪ್ರಶ್ನೆ ಗ್ಯಾರಂಟಿ. ಮೆಮರಿ ಕಾರ್ಡ್ ಹಾಕೋ ಕ್ಯಾಸೆಟ್ ಬರತ್ತಲ್ಲ, ಫ್ಲ್ಯಾಶ್ ಕಾರ್ಟ್ ಅಂತ, ಅದ್ರಲ್ಲಿ ಯಾವ್ದು ತಗೋಬೇಕು? ಅಂದಂಗೆ ಅದು ಪೈರಸಿ ಅಲ್ವಾ?

ಎರಡಕ್ಕೂ ಒಟ್ಟಿಗೇ ಬರೀತಿದೀನಿ, ಒಂದನ್ನ ಬಿಟ್ಟು ಇನ್ನೊಂದನ್ನ ಹೇಳಕ್ಕಾಗಲ್ಲ. ನನ್ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ನಮ್ ಕಡೆ ಈ ಲೆಕ್ಕಾನೇ ಉಲ್ಟಾ ಆಗಿದೆ. ಆನ್‌ಲೈನಲ್ಲಿ ಕೆಲವು ನೂರು ರೂಪಾಯಿ ಕೊಟ್ಟು "ಬ್ರ್ಯಾಂಡ್ ನ್ಯೂ" ಪೋಕೆಮಾನ್ ಕ್ಯಾಸೆಟ್ ತರಿಸ್ಕೊಂಡೋನು ನಾನು ದುಡ್ಡು ಕೊಟ್ಟಿದೀನಪ್ಪ ಅಂತ ನೆಮ್ಮದಿಯಾಗಿರ್ತಾನೆ, ಫ್ಲ್ಯಾಶ್ ಕಾರ್ಟ್ ಹಾಕಿರೋನನ್ನ ಕಳ್ಳ ಅಂತಾನೆ. ಅವನ ಕೈಲಿರೋದೇ ಅಪ್ಪಟ ಪೈರಸಿ, ಅಡ್ವಾನ್ಸ್ ಕ್ಯಾಸೆಟ್ ಮಾಡೋದನ್ನ ನಿಂಟೆಂಡೋ ನಿಲ್ಸಿ ಎಷ್ಟೋ ವರ್ಷ ಆಯ್ತು, ಈಗ ಬರೋ ಹೊಸ ಕ್ಯಾಸೆಟ್ಟಿನ ದುಡ್ಡಲ್ಲಿ ಗೇಮ್ ಮಾಡಿದೋರಿಗೆ ಒಂದು ಪೈಸೆನೂ ಹೋಗಲ್ಲ. ಫ್ಲ್ಯಾಶ್ ಕಾರ್ಟ್ ಬರೀ ಖಾಲಿ ಸಾಮಾನು, ಅದ್ರೊಳಗೆ ನೀವೇನ್ ತುಂಬ್ತೀರೋ ಅದ್ರ ಮೇಲೆ ನಿಂತಿದೆ ಎಲ್ಲಾ.

ಮೊದ್ಲು ಕೈಲಿರೋದನ್ನ ಸರಿಯಾಗಿ ನೋಡಿ

ಕಾರ್ಟ್ ಆರ್ಡರ್ ಮಾಡೋದೆಲ್ಲ ಆಮೇಲೆ. ನಿಮ್ಮತ್ರ ಇರೋದು ಯಾವ ಕನ್ಸೋಲ್ ಅಂತ ಗೊತ್ತಿರ್ಬೇಕು, ಯಾಕಂದ್ರೆ ಎಲ್ಲದಕ್ಕೂ ಆಗೋ ಒಂದೇ ಕಾರ್ಟ್ ಅಂತ ಯಾವ್ದೂ ಇಲ್ಲ. 1989ರ ದಪ್ಪ ಬೂದು ಗೇಮ್‌ಬಾಯ್ ಮತ್ತೆ 1998ರ ಕಲರ್‌ಗೆ ಒಂದು ಥರ ಕ್ಯಾಸೆಟ್, 2001ರ ಅಡ್ವಾನ್ಸ್ ಮತ್ತೆ 2003ರ ಮಡಚೋ ಎಸ್‌ಪಿಗೆ ಇನ್ನೊಂದು ಥರ. ಅಡ್ವಾನ್ಸ್ ಮತ್ತೆ ಎಸ್‌ಪಿಲಿ ಹಳೇ ಗೇಮ್‌ಬಾಯ್ ಕ್ಯಾಸೆಟ್ಟೂ ಓಡತ್ತೆ. 2004ರ ಡಿಎಸ್ ಮತ್ತೆ 2006ರ ಡಿಎಸ್ ಲೈಟಲ್ಲಿ ಎರಡು ಸ್ಲಾಟ್ ಇದೆ, ಮೇಲ್ಗಡೆ ಚಿಕ್ಕದು ಡಿಎಸ್ ಕಾರ್ಡಿಗೆ, ಕೆಳಗಡೆ ದೊಡ್ಡದು ಅಡ್ವಾನ್ಸ್ ಕ್ಯಾಸೆಟ್ಟಿಗೆ, ಆದ್ರೆ ಅದಕ್ಕೂ ಹಿಂದಿನ ಗೇಮ್‌ಬಾಯ್ ಕ್ಯಾಸೆಟ್ ಡಿಎಸ್‌ಗೆ ಹೋಗಲ್ಲ, ಬಲವಂತ ಮಾಡಿ ತುರುಕ್ಬೇಡಿ. ಡಿಎಸ್‌ಐ ಬಂದಾಗ ಕೆಳಗಿನ ಸ್ಲಾಟೇ ತೆಗೆದ್ರು.

ಬ್ಯಾಟರಿ ಜಾಗ ತೆರೆದು ನೋಡಿ. ಹಳೇ ಸೆಲ್ ಒಳಗೇ ಇದ್ರೆ ಬಿಳಿ ಪುಡಿ ಕಟ್ಟಿರತ್ತೆ, ಕಾಟನ್ ಬಡ್ಡಲ್ಲಿ ಸ್ವಲ್ಪ ವಿನೆಗರ್ ತಗೊಂಡು ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಪೂರ್ತಿ ಒಣಗಕ್ಕೆ ಬಿಡಿ. ಎಸ್‌ಪಿ ಅಥವಾ ಡಿಎಸ್ ಆಗಿದ್ರೆ ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿದ್ಯಾ ನೋಡಿ, ಉಬ್ಬಿದ್ರೆ ಚಾರ್ಜಿಗೆ ಹಾಕೋ ಮಾತೇ ಇಲ್ಲ, ಹೊಸಾದು ತರ್ಸಿ.

ಆಮೇಲೆ ಕ್ಯಾಸೆಟ್ ಹಾಕಿ ಆನ್ ಮಾಡಿ ಲೋಗೋ ನೋಡಿ. ಗೇಮ್‌ಬಾಯಲ್ಲಿ ಮೇಲಿಂದ ಕೆಳಗೆ ಇಳಿಯೋ ಆ ನಿಂಟೆಂಡೋ ಅನ್ನೋ ಹೆಸ್ರು ಬರೋದು ಕನ್ಸೋಲ್ ಒಳಗಿಂದ ಅಲ್ಲ, ಕ್ಯಾಸೆಟ್ಟಿಂದ! ಕ್ಯಾಸೆಟ್ಟಲ್ಲಿ 48 ಬೈಟ್ ಲೋಗೋ ಚಿತ್ರ ಇರತ್ತೆ, ಕನ್ಸೋಲ್ ಅದನ್ನ ಓದಿ ಸ್ಕ್ರೀನ್ ಮೇಲೆ ತೋರಿಸಿ, ತನ್ನತ್ರ ಇರೋ ಕಾಪಿ ಜೊತೆ ತಾಳೆ ನೋಡತ್ತೆ, ಒಂದು ಚುಕ್ಕೆ ತಪ್ಪಿದ್ರೂ ಅಲ್ಲೇ ನಿಂತುಬಿಡತ್ತೆ. ಲೋಗೋ ಜಾಗದಲ್ಲಿ ಕಪ್ಪು ಪಟ್ಟಿ ಬಂತು ಅಥವಾ ಚೂರುಚೂರಾಗಿ ಏನೋ ಬಂತು ಅಂದ್ರೆ ಕನ್ಸೋಲ್ ಸತ್ತಿದೆ ಅಂತ ಅಲ್ಲ, ಪಿನ್ ಕೊಳೆ ಆಗಿದೆ, ಕ್ಯಾಸೆಟ್ಟಿಂದ ಓದಕ್ಕೆ ಆಗ್ತಿಲ್ಲ ಅಷ್ಟೆ. ನಮ್ ಮಳೆಗೆ ಇದು ಮಾಮೂಲಿ. ಬಾಯಲ್ಲಿ ಊದೋದು ಬೇಡ, ಎಂಜಲು ತೇವ ಹೋಗಿ ಇನ್ನೂ ಕಿಲುಬು ಹಿಡಿಯತ್ತೆ. 99 ಪರ್ಸೆಂಟ್ ಐಸೋಪ್ರೊಪೈಲ್ ತಗೊಂಡು ಬಡ್ಡಲ್ಲಿ ಪಿನ್ ಉದ್ದಕ್ಕೆ ಒರೆಸಿ, ಬಡ್ ಕಪ್ಪಾಗೋದು ನಿಲ್ಲೋ ತನಕ. ಮೆಡಿಕಲ್ ಶಾಪಲ್ಲಿ ಕೊಡೋ 70 ಪರ್ಸೆಂಟಿಂದ್ರಲ್ಲಿ ನೀರು ಜಾಸ್ತಿ, ಅದು ಬೇಡ.

ಈ ಲೋಗೋ ಟ್ರಿಕ್ಕಿನ ಹಿಂದೆ ಕಾನೂನಿನ ತಂತ್ರ ಇತ್ತು. ಲೈಸೆನ್ಸ್ ಇಲ್ದೆ ಗೇಮ್ ಮಾಡೋನು ಓಡ್ಬೇಕು ಅಂದ್ರೆ ನಿಂಟೆಂಡೋ ಹೆಸ್ರನ್ನೇ ಕ್ಯಾಸೆಟ್ಟಲ್ಲಿ ಹಾಕ್ಬೇಕು, ಹಾಕಿದ ತಕ್ಷಣ ಟ್ರೇಡ್‌ಮಾರ್ಕ್ ಕೇಸ್ ಹಾಕ್ಬೋದು ಅನ್ನೋ ಲೆಕ್ಕ. ಇದೇ ಥರ ಸೆಗಾ ಕಂಪ್ನಿ ಮಾಡಿದ್ದ ಒಂದು ಟ್ರಿಕ್ ಅಮೆರಿಕದ ಅಪೀಲ್ ಕೋರ್ಟಲ್ಲಿ 1992ರಲ್ಲಿ ಬಿದ್ದೋಯ್ತು, ಅಕೊಲೇಡ್ ಅನ್ನೋ ಕಂಪ್ನಿ ಗೆದ್ದಿದ್ದು. ಇವತ್ತಿನ ಫ್ಲ್ಯಾಶ್ ಕಾರ್ಟ್ ಆನ್ ಮಾಡಿದಾಗ್ಲೂ ಅದೇ ಲೋಗೋ ಬರತ್ತೆ, ಅದನ್ನ ನೋಡಿ ಒರಿಜಿನಲ್ ಅಂದ್ಕೋಬೇಡಿ.

ನಕಲಿ ಕ್ಯಾಸೆಟ್ ಗುರುತು ಹಿಡಿಯೋದು

ಇದು ಯಾಕೆ ಮುಖ್ಯ ಅಂದ್ರೆ, ನಕಲಿ ಕ್ಯಾಸೆಟ್ಟಿಂದ ಬ್ಯಾಕಪ್ ತೆಗೆದು ಇದು ನನ್ನ ಸ್ವಂತ ಗೇಮ್ ಅನ್ನಕ್ಕಾಗಲ್ಲ. ಅಡ್ವಾನ್ಸ್ ಕ್ಯಾಸೆಟ್ ತಿರುಗಿಸಿ ಕೆಳಗಿನ ಬಾಯಿಗೆ ಮೊಬೈಲ್ ಟಾರ್ಚ್ ಬಿಡಿ, ಚಿನ್ನದ ಬಣ್ಣದ ಪಿನ್‌ಗಳಿಗೆ ಸ್ವಲ್ಪ ಮೇಲೆ ಬೋರ್ಡ್ ಮೇಲೇ ನಿಂಟೆಂಡೋ ಅಂತ ಪ್ರಿಂಟ್ ಇರ್ಬೇಕು. ಮುಂದಿನ ಸ್ಟಿಕ್ಕರನ್ನ ಬೆಳಕಿಗೆ ಓರೆಯಾಗಿ ಹಿಡೀರಿ, ಒರಿಜಿನಲಲ್ಲಿ ಎರಡಂಕಿ ಸಂಖ್ಯೆ, ಕೆಲವು ಸಲ ಜೊತೆಗೆ ಒಂದು ಅಕ್ಷರ, ಶಾಯಿ ಇಲ್ದೆ ಒತ್ತಿರೋ ಹಂಗೆ ಕಾಣತ್ತೆ, ನೇರ ನೋಡಿದ್ರೆ ಗೊತ್ತೇ ಆಗಲ್ಲ. ಹಿಂದಿನ ಸ್ಕ್ರೂ ಮೂರು ಕಾಲಿನ ಟ್ರೈವಿಂಗ್, ಮಾಮೂಲಿ ಸ್ಟಾರ್ ಸ್ಕ್ರೂ ಇದ್ರೆ ಅನುಮಾನ ಪಡಿ, ಆದ್ರೆ ಈಗ ನಕಲಿಯೋರೂ ಟ್ರೈವಿಂಗೇ ಹಾಕ್ತಾರೆ, ಅದೊಂದನ್ನೇ ನಂಬ್ಬೇಡಿ. ಬಿಚ್ಚಿ ನೋಡಿದಾಗ ಚಿಪ್ ಬದ್ಲು ಕಪ್ಪು ಗೋಂದಿನ ಉಂಡೆ ಕಂಡ್ರೆ ಮುಗೀತು. ಪೋಕೆಮಾನ್ ಫೈರ್‌ರೆಡ್ ಕ್ಯಾಸೆಟ್ಟಲ್ಲಿ ಗುಂಡಿ ಬ್ಯಾಟರಿ ಇದ್ರೆ ಅದೂ ನಕಲಿನೇ, ಒರಿಜಿನಲ್ ಫೈರ್‌ರೆಡ್‌ಗೆ ಬ್ಯಾಟರಿ ಬೇಕಾಗೇ ಇಲ್ಲ. ರೂಬಿ, ಸಫೈರ್, ಎಮರಾಲ್ಡ್ ಮೂರಕ್ಕೂ ಬ್ಯಾಟರಿ ಇದೆ, ಅದು ಗಡಿಯಾರಕ್ಕೆ ಮಾತ್ರ, ಅವುಗಳ ಪ್ಲಾಸ್ಟಿಕ್ ಒಳಗಡೆ ಕಾಣೋ ಹಂಗೆ ಪಾರದರ್ಶಕವಾಗಿರತ್ತೆ.

ಬೇಜಾರ್ ಮಾಡ್ಕೋಬೇಡಿ, ನಿಮ್ಮ ಡಬ್ಬದಲ್ಲಿ ಅರ್ಧ ನಕಲಿ ಇದ್ರೂ ಇರ್ಬೋದು. ನಮ್ ತಲೆಮಾರಿಗೆ ಗೇಮ್ ಅಂದ್ರೇನೇ ಟಿವಿಗೆ ಹಾಕೋ ಹಳದಿ ಕ್ಯಾಸೆಟ್ಟು, ಮೇಲೆ 9999 ಇನ್ 1 ಅಂತ ಬರ್ದಿರೋದು, ಒಳಗೆ ನೋಡಿದ್ರೆ ಅವೇ ನಾಕೈದು ಗೇಮ್ ಬೇರೆ ಬೇರೆ ಹೆಸ್ರಲ್ಲಿ. ಅದ್ರಲ್ಲಿ ಒಂದಕ್ಕೂ ಲೈಸೆನ್ಸ್ ಇರ್ಲಿಲ್ಲ, ಯಾರಿಗೂ ಅದು ತಪ್ಪು ಅನ್ನಿಸ್ಲೂ ಇಲ್ಲ, ಜಾತ್ರೆಲಿ ಸಿಗ್ತಿತ್ತು ತಗೋತಿದ್ವಿ. ಪೈರಸಿ ಅನ್ನೋ ಮಾತು ಬಂದಿದ್ದೇ ಮೆಮರಿ ಕಾರ್ಡ್ ಬಂದ್ಮೇಲೆ.

ಸೇವ್ ಮೊದ್ಲು, ಗೇಮ್ ಆಮೇಲೆ

ನಂಗೆ ಕೇಳಿದ್ರೆ ಇಡೀ ಕೆಲ್ಸದಲ್ಲಿ ಇದೇ ಮುಖ್ಯ. ಗೇಮ್ ಎಲ್ಲೂ ಓಡೋಗಲ್ಲ, ಆದ್ರೆ 2001ರಲ್ಲಿ ನೀವು ಅಥವಾ ನಿಮ್ ಅಣ್ಣ ಆಡಿ ಉಳ್ಸಿರೋ ಸೇವ್ ಪ್ರಪಂಚದಲ್ಲಿ ಆ ಒಂದು ಕ್ಯಾಸೆಟ್ಟಲ್ಲಿ ಬಿಟ್ರೆ ಎಲ್ಲೂ ಇಲ್ಲ. ಪೋಕೆಮಾನ್ ರೆಡ್, ಬ್ಲೂ, ಗೋಲ್ಡ್, ಸಿಲ್ವರ್ ಇವೆಲ್ಲ ಸೇವನ್ನ 32 ಕೆಬಿ ಮೆಮರಿ ಚಿಪ್, ಅಂದ್ರೆ ಎಸ್‌ರ್‍ಯಾಮಲ್ಲಿ ಇಡೋದು, ಆ ಎಸ್‌ರ್‍ಯಾಮ್ ಜೀವಂತ ಇರ್ಬೇಕು ಅಂದ್ರೆ ಒಳಗಿನ ಗುಂಡಿ ಬ್ಯಾಟರಿ ಕರೆಂಟ್ ಕೊಡ್ತಾನೇ ಇರ್ಬೇಕು, ಬ್ಯಾಟರಿ ಸತ್ತ ದಿನ ಸೇವ್ ಹೋಯ್ತು. ಗೋಲ್ಡ್ ಸಿಲ್ವರಲ್ಲಿ ಗಡಿಯಾರಾನೂ ಅದೇ ಬ್ಯಾಟರಿ ತಿನ್ನತ್ತೆ, ಹಂಗಾಗಿ ಅವು ಬೇಗ ಸಾಯತ್ತೆ. ರೂಬಿ ಸಫೈರ್ ಎಮರಾಲ್ಡಲ್ಲಿ ಸೇವ್ ಇರೋದು ಫ್ಲ್ಯಾಶ್ ಚಿಪ್ಪಲ್ಲಿ, ಇಂಟರ್ನಲ್ ಬ್ಯಾಟರಿ ರನ್ ಡ್ರೈ ಅಂತ ಮೆಸೇಜ್ ಬಂದ್ರೂ ಸೇವ್ ಹೋಗಿರಲ್ಲ, ಗಡಿಯಾರ ಮಾತ್ರ ನಿಂತಿರತ್ತೆ, ಗಾಬ್ರಿ ಬೇಡ.

ತೆಗಿಯೋಕೆ ಒಂದು ಡಂಪರ್, ಅಂದ್ರೆ ಕ್ಯಾಸೆಟ್ಟಲ್ಲಿರೋದನ್ನ ಕಂಪ್ಯೂಟರಿಗೆ ಓದ್ಕೊಳ್ಳೋ ಸಾಮಾನು, ಬೇಕು. ನಾನು ಹೇಳೋದು ಜಿಬಿಎಕ್ಸ್‌ಕಾರ್ಟ್ ಆರ್‌ಡಬ್ಲ್ಯೂ, ಅದ್ರ ಜೊತೆ ಫ್ಲ್ಯಾಶ್‌ಜಿಬಿಎಕ್ಸ್ ಅನ್ನೋ ಫ್ರೀ ಸಾಫ್ಟ್‌ವೇರ್. ಯುಎಸ್‌ಬಿ ಕೇಬಲಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿ, ಕ್ಯಾಸೆಟ್ ಪಿನ್ ಕ್ಲೀನ್ ಮಾಡಿ ಹಾಕಿ, ಸಾಫ್ಟ್‌ವೇರಲ್ಲಿ ಗೇಮ್‌ಬಾಯ್ ಅಥವಾ ಅಡ್ವಾನ್ಸ್ ಅಂತ ಸರಿಯಾದ ಮೋಡ್ ಆರಿಸ್ಕೊಳ್ಳಿ. ಇಲ್ಲಿ ಹುಷಾರು, ಹಳೇ ಗೇಮ್‌ಬಾಯ್ ಕ್ಯಾಸೆಟ್ 5 ವೋಲ್ಟು, ಅಡ್ವಾನ್ಸ್ 3.3 ವೋಲ್ಟು, ಕೈಯಲ್ಲಿ ಸ್ವಿಚ್ ತಿರುಗಿಸೋ ಡಂಪರ್ ಆದ್ರೆ ಚುಚ್ಚೋಕ್ ಮುಂಚೆ ನೋಡ್ಕೊಳ್ಳಿ, ಅಡ್ವಾನ್ಸ್ ಕ್ಯಾಸೆಟ್ಟಿಗೆ 5 ವೋಲ್ಟ್ ಕೊಟ್ರೆ ಸುಟ್ಟೋಗ್ಬೋದು. ಗೇಮ್ ಹೆಸ್ರು ಸರಿಯಾಗಿ ಕಂಡ್ಮೇಲೆ ಮೊದ್ಲು ಬ್ಯಾಕಪ್ ಸೇವ್ ಡೇಟಾ ಒತ್ತಿ, ಅದು ಆದ್ಮೇಲೆ ಬ್ಯಾಕಪ್ ರೋಮ್ (ರೋಮ್ ಅಂದ್ರೆ ಗೇಮಿನ ಫೈಲು). ರೋಮ್ ಮುಗಿದ ತಕ್ಷಣ ಸಾಫ್ಟ್‌ವೇರೇ ಚೆಕ್‌ಸಮ್ ತಾಳೆ ನೋಡಿ ಸರಿ ಇದ್ಯೋ ಇಲ್ವೋ ಹೇಳತ್ತೆ. ಸೇವ್‌ಗೆ ಆ ಥರ ತಾಳೆ ನೋಡಕ್ಕೆ ಯಾರತ್ರನೂ ಇನ್ನೊಂದು ಕಾಪಿ ಇರಲ್ವಲ್ಲ, ಹಂಗಾಗಿ ಎರಡು ಸಲ ತೆಗೆದು ಎರಡೂ ಫೈಲ್ ಒಂದೇನಾ ನೋಡಿ.

ಡಿಎಸ್ ಲೈಟ್ ಮತ್ತೆ ಅದಕ್ಕೊಂದು ಫ್ಲ್ಯಾಶ್ ಕಾರ್ಡ್ ಇದ್ರೆ ಡಂಪರ್ ಇಲ್ದೇನೂ ಆಗತ್ತೆ, ಅಡ್ವಾನ್ಸ್ ಕ್ಯಾಸೆಟ್ ಕೆಳಗಿನ ಸ್ಲಾಟಿಗೆ ಹಾಕಿ ಮೇಲಿನ ಕಾರ್ಡಿಂದ ಬ್ಯಾಕಪ್ ಪ್ರೋಗ್ರಾಂ ಓಡ್ಸಿದ್ರೆ ಸೇವ್ ಮೆಮರಿ ಕಾರ್ಡಿಗೆ ಬಂದ್ಬಿಡತ್ತೆ.

ಸೇವ್ ಕೈಗೆ ಬಂದ್ಮೇಲೆ ಬ್ಯಾಟರಿ ಬದಲಾಯ್ಸಿ, ಅದಕ್ಕೆ ಮುಂಚೆ ಅಲ್ಲ, ಹಳೇ ಬ್ಯಾಟರಿ ಕಿತ್ತ ಕ್ಷಣ ಎಸ್‌ರ್‍ಯಾಮ್ ಖಾಲಿ ಆಗತ್ತೆ. ಕಾಲು ಬೆಸೆದಿರೋ ಬ್ಯಾಟರಿನೇ ತಗೊಳ್ಳಿ, ಹಳೇದ್ರ ಮೇಲೆ ಬರ್ದಿರೋ ನಂಬರ್ ನೋಡಿ ಅದೇ ಸೈಜು. ಬರೀ ಗುಂಡಿ ಸೆಲ್ ಮೇಲೆ ನೇರ ಸೋಲ್ಡರ್ ಐರನ್ ಇಡಬೇಡಿ, ಬಿಸಿಗೆ ಸಿಡಿಯತ್ತೆ. ಸೋಲ್ಡರಿಂಗ್ ಬರಲ್ಲ ಅಂದ್ರೆ ಮಡಿಕೇರಿ ಕುಶಾಲನಗರ ಎಲ್ಲಾದ್ರೂ ಮೊಬೈಲ್ ರಿಪೇರಿಯೋರ ಹತ್ರ ಕೊಡಿ, ಅವ್ರಿಗೆ ಇದು ಐದು ನಿಮಿಷದ ಕೆಲ್ಸ, ಪ್ಲಸ್ ಮೈನಸ್ ಯಾವ ಕಡೆ ಅಂತ ಮಾತ್ರ ಫೋಟೋ ತೆಗ್ದಿಟ್ಕೊಂಡು ಹೋಗಿ. ವಾಪಸ್ ಬಂದ್ಮೇಲೆ ಡಂಪರಿಂದ್ಲೇ ಸೇವ್ ತಿರ್ಗಾ ಕ್ಯಾಸೆಟ್ಟಿಗೆ ಬರೀಬೋದು.

ಯಾವ ಕಾರ್ಟ್ ತಗೋಬೇಕು

ಹಳೇ ಗೇಮ್‌ಬಾಯ್ ಮತ್ತೆ ಕಲರ್‌ಗೆ ಎವರ್‌ಡ್ರೈವ್ ಜಿಬಿ ಸೀರೀಸ್ ಅಥವಾ ಈಜೀ ಫ್ಲ್ಯಾಶ್ ಜೂನಿಯರ್. ಅಡ್ವಾನ್ಸ್‌ಗೆ ಎವರ್‌ಡ್ರೈವ್ ಜಿಬಿಎ ಮಿನಿ ಅಥವಾ ಈಜೀ ಫ್ಲ್ಯಾಶ್ ಒಮೇಗಾ. ಎವರ್‌ಡ್ರೈವ್ ಉಕ್ರೇನಿಂದು, ರೇಟ್ ಜಾಸ್ತಿ, ಕ್ವಾಲಿಟಿನೂ ಹಂಗೇ. ಈಜೀ ಫ್ಲ್ಯಾಶ್ ಕಮ್ಮಿ ರೇಟು, ನಮ್ಮಂಥೋರಿಗೆ ಸಾಕು. ಅಡ್ವಾನ್ಸ್ ಕಾರ್ಟಲ್ಲಿ ಹಳೇ ಗೇಮ್‌ಬಾಯ್ ಗೇಮೂ ಓಡತ್ತೆ ಅಂತ ಬರ್ದಿರ್ತಾರೆ, ಅದು ಗೂಂಬಾ ಅನ್ನೋ ಎಮ್ಯುಲೇಟರ್, ಅಂದ್ರೆ ಹಳೇ ಮಷೀನಿನ ಥರಾನೇ ನಡ್ಕೊಳ್ಳೋ ಪ್ರೋಗ್ರಾಂ ಮೂಲಕ, ನಿಜವಾದ ಗೇಮ್‌ಬಾಯ್ ಮೋಡಲ್ಲಿ ಅಲ್ಲ, ಸೌಂಡು ಕಲರು ಸ್ವಲ್ಪ ಹೆಚ್ಚುಕಮ್ಮಿ ಆಗತ್ತೆ. ಹೊರಗಡೆಯಿಂದ ತರಿಸಿದ್ರೆ ಕಸ್ಟಮ್ಸ್ ಡ್ಯೂಟಿ ಬೀಳ್ಬೋದು, ಅದನ್ನೂ ಸೇರಿಸಿ ಬಜೆಟ್ ಹಾಕಿ.

ಡಿಎಸ್ ಕಥೆ ಬೇರೆ. ಆರ್4 ಅನ್ನೋ ಡಿಎಸ್ ಫ್ಲ್ಯಾಶ್ ಕಾರ್ಡಿನ ಹೆಸ್ರು ಎಲ್ರಿಗೂ ಗೊತ್ತು, ಆದ್ರೆ ಅಸಲಿ ಆರ್4 ಮಾಡ್ತಿದ್ದೋರು ನಿಲ್ಸಿ ಕಾಲ ಆಯ್ತು, ಈಗ ಆ ಹೆಸ್ರಲ್ಲಿ ಬರೋದೆಲ್ಲ ಕ್ಲೋನುಗಳೇ. ಕೆಲವು ಕ್ಲೋನಲ್ಲಿ ಟೈಮ್‌ಬಾಂಬ್ ಇದೆ, ಅಂದ್ರೆ ಕನ್ಸೋಲಿನ ತಾರೀಕು ಒಂದು ದಿನ ದಾಟಿದ ಮೇಲೆ ಕಾರ್ಟನ್ನ ನಡ್ಸೋ ಪ್ರೋಗ್ರಾಂ, ಅಂದ್ರೆ ಕರ್ನಲ್, ಓಡೋದೇ ನಿಲ್ಸತ್ತೆ, ಹೊಸಾದು ಕೊಂಡ್ಕೊಳ್ಳಿ ಅಂತ! ತಾರೀಕು ಹಿಂದಕ್ಕೆ ಹಾಕಿದ್ರೆ ಅಥವಾ ಬೇರೆ ಕರ್ನಲ್ ಹಾಕಿದ್ರೆ ಮತ್ತೆ ಓಡತ್ತೆ. ಇದು ಹೊಸದೂ ಅಲ್ಲ, 2014ರಲ್ಲಿ ಗೇಟ್‌ವೇ ಅನ್ನೋ 3ಡಿಎಸ್ (ಡಿಎಸ್ ಆದ್ಮೇಲೆ ಬಂದ ಕನ್ಸೋಲ್) ಕಾರ್ಟಿನೋರು ತಮ್ಮ ಕಾರ್ಟನ್ನ ಬೇರೆಯೋರು ಕಾಪಿ ಹೊಡೀತಾರೆ ಅಂತ ಸಿಟ್ಟಾಗಿ, ಕ್ಲೋನ್ ಕಾರ್ಟಲ್ಲಿ ಓಡ್ಸಿದ್ರೆ ಕನ್ಸೋಲನ್ನೇ ಸಾಯ್ಸೋ ಕೋಡ್ ಸೇರ್ಸಿದ್ರು. ಕಾಪಿ ಹೊಡಿಯೋ ಸಾಮಾನು ಮಾರೋರಿಗೇ ಕಾಪಿ ಆದ್ರೆ ಎಷ್ಟು ಉರಿ ನೋಡಿ. ಡಿಎಸ್‌ಐ ಮತ್ತೆ 3ಡಿಎಸ್ ಇರೋರಿಗೆ ಕಾರ್ಟೇ ಬೇಡ, ಹೋಮ್‌ಬ್ರೂ, ಅಂದ್ರೆ ಕಂಪ್ನಿ ಅಲ್ಲದೆ ಹವ್ಯಾಸಿಗಳು ಬರೆದ ಪ್ರೋಗ್ರಾಂಗಳು, ಅದ್ರಲ್ಲಿರೋ ಎಸ್‌ಡಿ ಸ್ಲಾಟಿಂದ್ಲೇ ಓಡತ್ತೆ.

ಕಾರ್ಡ್ ರೆಡಿ ಮಾಡೋದು

ಕಾರ್ಟ್ ಬಂದ್ಮೇಲೆ ತೊಂದ್ರೆ ಕೊಡೋದು ಸಾಮಾನ್ಯವಾಗಿ ಕಾರ್ಟಲ್ಲ, ಮೆಮರಿ ಕಾರ್ಡು. ಜೊತೆಗೆ ಫ್ರೀ ಕೊಟ್ಟಿರೋ ಕಾರ್ಡ್ ಎಸ್ದುಬಿಡಿ. ಹೊಸ ಕಾರ್ಡ್ ತಂದ್ರೂ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಅನ್ನೋ ಪ್ರೋಗ್ರಾಂ ಓಡ್ಸಿ ಪೂರ್ತಿ ಚೆಕ್ ಮಾಡಿ, 32 ಜಿಬಿ ಅಂತ ಬರ್ದು ಒಳಗೆ 4 ಜಿಬಿ ಇರೋ ಡೂಪ್ಲಿಕೇಟ್ ಕಾರ್ಡ್ ಎಷ್ಟೋ ಇದೆ. ಅಡ್ವಾನ್ಸ್ ಗೇಮ್ ಒಂದು ಅಂದ್ರೆ ಜಾಸ್ತಿ ಅಂದ್ರೆ 32 ಎಂಬಿ, ಪೋಕೆಮಾನ್ ಎಮರಾಲ್ಡ್ 16 ಎಂಬಿ, ಗೋಲ್ಡ್ ಬರೀ 2 ಎಂಬಿ, ಹಂಗಾಗಿ ದೊಡ್ಡ ಕಾರ್ಡ್ ತಗೊಂಡು ಏನ್ ಮಾಡ್ತೀರ, 8 ಇಲ್ಲ 16 ಜಿಬಿ ಧಾರಾಳ.

ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎಸ್‌ಡಿ ಅಸೋಸಿಯೇಷನ್ನಿನ ಫಾರ್ಮ್ಯಾಟರ್ ಸಾಫ್ಟ್‌ವೇರೇ ಬಳ್ಸಿ. ಕಾರ್ಟ್ ಕಂಪ್ನಿ ಸೈಟಿಂದ ನಿಮ್ಮ ಮಾಡೆಲ್ಲಿನದೇ ಕರ್ನಲ್ ಇಳಿಸಿ ಕಾರ್ಡಿನ ರೂಟಲ್ಲಿ, ಅಂದ್ರೆ ಯಾವ ಫೋಲ್ಡರಿಗೂ ಸೇರಿಸದೆ ನೇರವಾಗಿ ಹಾಕಿ, ಫೋಲ್ಡರ್ ಒಳಗೆ ಫೋಲ್ಡರ್ ಆಗದೆ ಇರ್ಲಿ, ಜಿಪ್ ಬಿಚ್ಚೋವಾಗ ಎಲ್ರೂ ಎಡವೋದು ಅಲ್ಲೇ. ಕನ್ಸೋಲ್ ಆಫ್ ಇದ್ದಾಗ್ಲೇ ಕಾರ್ಟ್ ಹಾಕಿ. ಮೆನು ಬಂದ್ರೆ ಅರ್ಧ ಕೆಲ್ಸ ಆಯ್ತು. ಈಗ ನೀವು ತೆಗೆದಿಟ್ಟ ರೋಮನ್ನ ಒಂದು ಫೋಲ್ಡರಿಗೆ, ಸೇವನ್ನ ಕಾರ್ಟ್ ಹೇಳೋ ಸೇವ್ ಫೋಲ್ಡರಿಗೆ ಹಾಕಿ, ಎರಡಕ್ಕೂ ಹೆಸ್ರು ಒಂದೇ ಇರ್ಬೇಕು, ಒಂದು ಸ್ಪೇಸ್ ವ್ಯತ್ಯಾಸ ಆದ್ರೂ ಸೇವ್ ಇಲ್ಲ ಅಂತ ಹೊಸ ಗೇಮ್ ಶುರುವಾಗತ್ತೆ.

ಸೇವ್ ಟೆಸ್ಟ್ ಮಾಡದೆ ಗಂಟೆಗಟ್ಲೆ ಆಡಬೇಡಿ. ತುಂಬಾ ಕಾರ್ಟಲ್ಲಿ ನೀವು ಗೇಮ್ ಒಳಗೆ ಸೇವ್ ಮಾಡಿದ್ದು ನೇರ ಮೆಮರಿ ಕಾರ್ಡಿಗೆ ಹೋಗಲ್ಲ, ಕಾರ್ಟ್ ಒಳಗಿನ ರ್‍ಯಾಮಲ್ಲಿ ಕೂತಿರತ್ತೆ, ಮುಂದಿನ ಸಲ ಆನ್ ಮಾಡಿದಾಗ ಮೆನು ಅದನ್ನ ಕಾರ್ಡಿಗೆ ಬರಿಯತ್ತೆ. ಮಧ್ಯದಲ್ಲಿ ಕಾರ್ಟಿನ ಬ್ಯಾಟರಿ ಸತ್ರೆ ಹೋಯ್ತು. ಹಂಗಾಗಿ ಆಟ ಮುಗ್ಸೋವಾಗ ಸೇವ್ ಮಾಡಿ, ಆಫ್ ಮಾಡಿ, ತಿರ್ಗಾ ಆನ್ ಮಾಡಿ ಮೆನು ಬರೋ ತನಕ ಬಿಟ್ಟು ಆಮೇಲೆ ಆಫ್ ಮಾಡೋ ಅಭ್ಯಾಸ ಇಟ್ಕೊಳ್ಳಿ. ಫ್ಲ್ಯಾಶ್ ಕಾರ್ಟ್ ಒರಿಜಿನಲ್ ಕ್ಯಾಸೆಟ್ಟಿಗಿಂತ ಕರೆಂಟ್ ಜಾಸ್ತಿ ತಿನ್ನತ್ತೆ ಅನ್ನೋದೂ ಗೊತ್ತಿರ್ಲಿ, ಜುಲೈಲಿ ಮರ ಬಿದ್ದು ಲೈನ್ ಹೋಗಿ ಎರಡ್ಮೂರು ದಿನ ಕತ್ಲಲ್ಲಿ ಕೂತಿರೋವಾಗ ಬ್ಯಾಟರಿ ಲೆಕ್ಕ ಇಟ್ಕೊಂಡು ಆಡಿ, ಬ್ಯಾಟರಿ ಮುಗಿಯೋ ಸೂಚನೆ ಬಂದ್ಮೇಲೆ ಸೇವ್ ಒತ್ತೋ ಸಾಹಸ ಬೇಡ.

ಏನ್ ತುಂಬೋದು

ಸ್ವಂತ ಕ್ಯಾಸೆಟ್ಟಿನ ಕಾಪಿ ಆಯ್ತು. ಅದು ಬಿಟ್ರೆ ಹೋಮ್‌ಬ್ರೂ, ಇದ್ರ ಬಗ್ಗೆ ನಮ್ಮೋರಿಗೆ ಗೊತ್ತೇ ಇಲ್ಲ. ಜನ ಈಗ್ಲೂ ಈ ಹಳೇ ಕನ್ಸೋಲಿಗೆ ಹೊಸ ಗೇಮ್ ಮಾಡ್ತಿದಾರೆ, ಎಷ್ಟೋ ಫ್ರೀಯಾಗಿ ಕೊಡ್ತಾರೆ, ಇನ್ನು ಕೆಲವ್ರು ಮೂರು ನಾಕು ಡಾಲರಿಗೆ ಫೈಲ್ ಮಾರ್ತಾರೆ, ಆ ದುಡ್ಡು ನೇರ ಮಾಡಿದೋರಿಗೇ ಹೋಗತ್ತೆ. ಗೇಮ್‌ಬಾಯ್‌ಗೆ ಟೋಬು ಟೋಬು ಗರ್ಲ್ ಆಡಿ ನೋಡಿ, ಕಲರ್‌ಗೆ ಮೈಕ್ರೋಸಿಟಿ ಅಂತ ಊರು ಕಟ್ಟೋ ಗೇಮ್ ಇದೆ, ಅಡ್ವಾನ್ಸ್‌ಗೆ ಅಪೋಟ್ರಿಸ್ ಅಂತ ಬ್ಲಾಕ್ ಜೋಡ್ಸೋದು, ಇದೊಂದಕ್ಕೇ ಕಾರ್ಟ್ ತಗೋಬೋದು ಅನ್ಸತ್ತೆ ನಂಗೆ. ಮ್ಯೂಸಿಕ್ ಹುಚ್ಚಿರೋರಿಗೆ ಎಲ್‌ಎಸ್‌ಡಿಜೆ ಇದೆ, ಗೇಮ್‌ಬಾಯನ್ನೇ ವಾದ್ಯ ಮಾಡ್ಕೊಂಡು ಸ್ಟೇಜ್ ಮೇಲೆ ನುಡಿಸೋರಿದಾರೆ.

ನೀವೇ ಮಾಡ್ತೀನಿ ಅಂದ್ರೂ ಆಗತ್ತೆ, ಜಿಬಿ ಸ್ಟುಡಿಯೋ ಅಂತ 2019ರಲ್ಲಿ ಬಂದಿರೋ ಫ್ರೀ ಸಾಫ್ಟ್‌ವೇರಲ್ಲಿ ಕೋಡಿಂಗ್ ಬರದೆ ಇದ್ರೂ ಗೇಮ್ ಮಾಡ್ಬೋದು. ಪೊನ್ನಂಪೇಟೆ ಕಡೆಯ ಫ್ರೆಂಡ್ ಒಬ್ಬ ಕಾಫಿ ತೋಟಕ್ಕೆ ಆನೆ ನುಗ್ಗೋ ಗೇಮ್ ಮಾಡ್ತಿದಾನೆ, ಆನೆ ಬಿಡ್ಸೋದು ಬೇಗ ಮುಗೀತು, ಕನ್ನಡ ಅಕ್ಷರ ಮಾತ್ರ ಕಾಟ ಕೊಡ್ತಿದೆ. ಗೇಮ್‌ಬಾಯ್ ಸ್ಕ್ರೀನ್ 160 ಬೈ 144 ಚುಕ್ಕೆ, ಅದನ್ನ 8 ಬೈ 8ರ ಚೌಕಗಳಾಗಿ ಒಡೆದ್ರೆ ಅಡ್ಡಕ್ಕೆ 20, ಉದ್ದಕ್ಕೆ 18. ಇಂಗ್ಲಿಷ್ ಅಕ್ಷರ ಒಂದು ಚೌಕಕ್ಕೆ ಆರಾಮಾಗಿ ಕೂರತ್ತೆ, ನಮ್ಮ ಲಕ್ಷ್ಮಿಲಿರೋ "ಕ್ಷ್ಮಿ"ನ ಎಂಟು ಚುಕ್ಕೆಲಿ ಕೂರ್ಸಿ ನೋಡೋಣ! ನಾಕು ಚೌಕ ಸೇರಿಸಿ 16 ಬೈ 16 ಮಾಡ್ಕೊಂಡು ಒಂದೊಂದು ಒತ್ತಕ್ಷರಾನೂ ಕೈಯಲ್ಲೇ ಬಿಡಿಸ್ತಾ ಇದಾನೆ, ಹಂಗೆ ಮಾಡಿದ್ರೆ ಒಂದು ಸಾಲಿಗೆ ಹತ್ತೇ ಅಕ್ಷರ, ಡೈಲಾಗೆಲ್ಲ ತಂತಿ ಕಳ್ಸಿದ ಹಂಗೆ ಚಿಕ್ಕದಾಗಿ ಬರೀಬೇಕು. ಅವನ ಗೇಮ್ ಅಸಲಿ ಗೇಮ್‌ಬಾಯ್ ಮೇಲೆ ಓಡ್ಸಿ ನೋಡಕ್ಕೆ ಇರೋ ಸುಲಭ ದಾರಿ ಫ್ಲ್ಯಾಶ್ ಕಾರ್ಟು.

ಇನ್ನು ಆ ಜಗಳ

ನಮ್ ದೇಶದ ಕಾನೂನು ಮೊದ್ಲು. 1957ರ ಕಾಪಿರೈಟ್ ಆಕ್ಟಿನ ಸೆಕ್ಷನ್ 52ರಲ್ಲಿ, ಕಂಪ್ಯೂಟರ್ ಪ್ರೋಗ್ರಾಂ ಕಾಪಿನ ನ್ಯಾಯವಾಗಿ ಇಟ್ಕೊಂಡಿರೋನು ಅದು ಕಳ್ದೋಗದೆ ಹಾಳಾಗದೆ ಇರ್ಲಿ ಅಂತ ಬ್ಯಾಕಪ್ ಮಾಡ್ಕೊಂಡ್ರೆ ತಪ್ಪಲ್ಲ ಅಂತಿದೆ. ನ್ಯಾಯವಾಗಿ ಇಟ್ಕೊಂಡಿರೋನು ಅನ್ನೋದನ್ನ ಗಮನಿಸಿ, ನಕಲಿ ಕ್ಯಾಸೆಟ್ ಇದಕ್ಕೆ ಬರಲ್ಲ, ಕ್ಯಾಸೆಟ್ ಮಾರಿದ್ಮೇಲೆ ಕಾಪಿ ಇಟ್ಕೊಂಡ್ರೂ ಬರಲ್ಲ. 2012ರ ತಿದ್ದುಪಡಿಲಿ ಬಂದ ಸೆಕ್ಷನ್ 65ಎ, ಕಾಪಿ ಆಗದಂಗೆ ಹಾಕಿರೋ ಲಾಕ್ ಮುರಿಯೋದನ್ನ ಅಪರಾಧ ಮಾಡ್ತು, ಎರಡು ವರ್ಷದ ತನಕ ಜೈಲು, ಆದ್ರೆ ಹಕ್ಕು ಉಲ್ಲಂಘನೆ ಮಾಡೋ ಉದ್ದೇಶ ಇರ್ಬೇಕು ಅಂತ ಸೇರ್ಸಿದಾರೆ, ಅದು ದೊಡ್ಡ ವಿಷ್ಯ. ಗೊತ್ತಿದ್ದೂ ಗೊತ್ತಿದ್ದೂ ಪೈರೇಟೆಡ್ ಪ್ರೋಗ್ರಾಂ ಕಂಪ್ಯೂಟರಲ್ಲಿ ಬಳ್ಸಿದ್ರೆ ಸೆಕ್ಷನ್ 63ಬಿ, ಏಳು ದಿನದಿಂದ ಮೂರು ವರ್ಷ, 50,000ದಿಂದ 2 ಲಕ್ಷ ದಂಡ, ಲಾಭಕ್ಕಲ್ಲ ಅಂತಾದ್ರೆ ಕೋರ್ಟ್ ಜೈಲು ಬಿಟ್ಟು 50,000 ಒಳಗೆ ದಂಡ ಹಾಕ್ಬೋದು.

ಹೊರದೇಶದಲ್ಲಿ ಕೋರ್ಟುಗಳು ಇನ್ನೂ ಬಿಗಿ. 2009ರ ಫೆಬ್ರವರಿಲಿ ಟೋಕಿಯೋ ಕೋರ್ಟ್ ಆರ್4 ಆಮದು ಮಾರಾಟ ನಿಲ್ಸಿ ಅಂತು, ನಿಂಟೆಂಡೋ ಜೊತೆ 54 ಗೇಮ್ ಕಂಪ್ನಿಗಳು ಸೇರಿ ಹಾಕಿದ ಕೇಸ್ ಅದು. 2010ರಲ್ಲಿ ಲಂಡನ್ ಹೈಕೋರ್ಟಲ್ಲಿ ಪ್ಲೇಯಬಲ್ಸ್ ಅನ್ನೋ ಕಂಪ್ನಿ ಇದ್ರಲ್ಲಿ ಹೋಮ್‌ಬ್ರೂನೂ ಓಡತ್ತೆ ಅಂತ ವಾದ ಮಾಡ್ತು, ನಡೀಲಿಲ್ಲ. 2014ರಲ್ಲಿ ಯುರೋಪಿನ ಕೋರ್ಟ್ ಮಾತ್ರ ಸ್ವಲ್ಪ ಬೇರೆ ಹೇಳ್ತು, ಆ ಸಾಮಾನು ನಿಜವಾಗಿ ಯಾವ್ದಕ್ಕೆ ಬಳಕೆ ಆಗ್ತಿದೆ ಅಂತ ನೋಡ್ಬೇಕು, ಲಾಕ್ ಅಳತೆ ಮೀರಿರ್ಬಾರ್ದು ಅಂತ. ನಿಂಟೆಂಡೋದ ಸ್ವಿಚ್ ಥರದ ಕನ್ಸೋಲಿನ ಲಾಕ್ ಮುರಿಯೋ ಸಾಮಾನು ಮಾರ್ತಿದ್ದ ಟೀಮ್ ಎಕ್ಸಿಕ್ಯೂಟರ್ ಕೇಸಲ್ಲಿ ಗ್ಯಾರಿ ಬೌಸರ್‌ಗೆ 2022ರಲ್ಲಿ 40 ತಿಂಗಳು ಜೈಲಾಯ್ತು.

ಆರ್4 ವಿಷ್ಯದಲ್ಲಿ ನಾನು ಕಂಪ್ನಿಗಳ ಕಡೆನೇ. ಡಿಎಸ್ ಗೇಮ್ ಅಂಗಡಿಲಿ ಹೊಸದಾಗಿ ಮಾರಾಟಕ್ಕಿದ್ದ ಕಾಲದಲ್ಲೇ ಅದೇ ಗೇಮ್ ತುಂಬಿದ ಕಾರ್ಡು ಪಕ್ಕದಲ್ಲೇ ಮಾರ್ತಿದ್ರು, ಆಗ ಅದನ್ನ ಕಳ್ಳತನ ಅನ್ನದೆ ಇನ್ನೇನಂತಾರೆ. ಆದ್ರೆ ಇವತ್ತು, ಇಪ್ಪತ್ತು ವರ್ಷ ಹಳೇ ಗೇಮಿಗೆ ಅದೇ ಮಾತು ಅಷ್ಟೇ ಜೋರಾಗಿ ಹೇಳಕ್ಕೆ ನಂಗೆ ಬಾಯಿ ಬರಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿದಾಗ ಅಮೆರಿಕದಲ್ಲಿ ಬಂದಿದ್ದ ಹಳೇ ಗೇಮುಗಳಲ್ಲಿ 87 ಪರ್ಸೆಂಟ್ ಈಗ ಮಾರ್ಕೆಟ್ಟಲ್ಲೇ ಇಲ್ಲ, ಗೇಮ್‌ಬಾಯ್ ಗೇಮ್ ಸಿಗೋದು ನೂರಕ್ಕೆ ಆರೂ ಇಲ್ಲ. ಲೈಬ್ರರಿಯೋರು ನಾವು ಸಂಶೋಧಕರಿಗೆ ದೂರದಿಂದ ಆಡಕ್ಕೆ ಕೊಡ್ತೀವಿ ಪರ್ಮಿಷನ್ ಕೊಡಿ ಅಂತ ಕೇಳಿದ್ದನ್ನೂ ಅಮೆರಿಕದ ಕಾಪಿರೈಟ್ ಆಫೀಸ್ 2024ರ ಅಕ್ಟೋಬರಲ್ಲಿ ಒಪ್ಲಿಲ್ಲ. ನಿಂಟೆಂಡೋ 2023ರಿಂದ ಸ್ವಿಚ್ ಆನ್‌ಲೈನ್ ಅನ್ನೋ ಚಂದಾ ಸರ್ವೀಸಲ್ಲಿ ಒಂದಷ್ಟು ಗೇಮ್‌ಬಾಯ್, ಅಡ್ವಾನ್ಸ್ ಗೇಮ್ ಕೊಡ್ತಿದೆ, ಆದ್ರೆ ಅದು ಬಾಡಿಗೆ, ಚಂದಾ ನಿಲ್ಸಿದ್ರೆ ಗೇಮೂ ಇಲ್ಲ.

ಹಂಗಂತ ಮೂರು ಸಾವಿರ ಗೇಮ್ ಒಟ್ಟಿಗೆ ಇಳಿಸ್ಕೊಂಡು ನಾನು ಇತಿಹಾಸ ಉಳಿಸ್ತಿದೀನಿ ಅನ್ನೋರ ಮಾತೂ ನಂಬಲ್ಲ. ಉಳಿಸೋನು ತನ್ನತ್ರ ಇರೋ ಕ್ಯಾಸೆಟ್ ಡಂಪ್ ಮಾಡ್ತಾನೆ, ಸೇವ್ ಕಾಪಾಡ್ತಾನೆ. ಸಿಗದೆ ಇರೋ ಒಂದು ಗೇಮ್ ಇಳಿಸಿ ಆಡಿದ್ರೆ ಅದು ಕಾನೂನಿಗೆ ತಪ್ಪೇ, ಅಷ್ಟು ಒಪ್ಕೊಂಡು ಮಾಡೋನ ಹತ್ರ ನಂಗೆ ಜಗಳ ಇಲ್ಲ. ನನ್ ಸಿಟ್ಟೆಲ್ಲ ಗೇಮ್ ತುಂಬಿರೋ ಮೆಮರಿ ಕಾರ್ಡ್ ಮಾರೋರ ಮೇಲೆ, ನಕಲಿ ಕ್ಯಾಸೆಟ್ ಮಾರೋರ ಮೇಲೆ. ಪಕ್ಕದ ತೋಟದ ಕಾಫಿ ರಾತ್ರಿ ಕುಯ್ದು ತನ್ನ ಹೆಸ್ರಿನ ಚೀಲಕ್ಕೆ ತುಂಬಿ ಮಾರ್ದಂಗೆ ಅದು. ಅದ್ರಲ್ಲೂ ಫ್ರೀ ಹೋಮ್‌ಬ್ರೂ ಗೇಮನ್ನ ಹೆಸ್ರು ಕಿತ್ತು ಕ್ಯಾಸೆಟ್ ಮಾಡಿ ಮಾರೋರು ಇದಾರಲ್ಲ, ಅವ್ರಿಗೆ ಒಂದು ರೂಪಾಯಿನೂ ಕೊಡ್ಬೇಡಿ.

ಇಡೋದು, ಮತ್ತೆ ಸ್ವಿಚ್ ಬಗ್ಗೆ ಒಂದು ಮಾತು

ಜೂನಿಂದ ಸೆಪ್ಟೆಂಬರ್ ತನಕ ಕನ್ಸೋಲು ಕ್ಯಾಸೆಟ್ಟು ಎಲ್ಲಾ ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪಾಕೀಟ್ ಜೊತೆ ಇಡಿ, ಬಣ್ಣ ಬದಲಾಗೋ ಥರದ್ದು ತಗೊಂಡ್ರೆ ಯಾವಾಗ ಬಿಸಿ ಮಾಡಿ ಒಣಗಿಸ್ಬೇಕು ಅಂತ ಗೊತ್ತಾಗತ್ತೆ. ಆಡದೆ ಇಡೋವಾಗ ಸೆಲ್ ತೆಗೀರಿ. ಒಲೆ ಮೇಲಿನ ಅಟ್ಟ ಬೆಚ್ಚಗಿರತ್ತೆ ಅಂತ ಅಲ್ಲಿ ಇಡೋರಿದಾರೆ, ತೇವ ಏನೋ ಬರಲ್ಲ, ಆದ್ರೆ ಹೊಗೆಯ ಜಿಡ್ಡು ಪಿನ್ ಮೇಲೆ ಕೂತ್ರೆ ಬಿಡ್ಸಕ್ಕೆ ಸಾಕುಬೇಕಾಗತ್ತೆ. ಸೇವ್ ಫೈಲ್‌ಗಳನ್ನ ಲ್ಯಾಪ್‌ಟಾಪಲ್ಲೂ ಇಡಿ, ಬೇರೆ ಎಲ್ಲಾದ್ರೂ ಇನ್ನೊಂದು ಕಾಪಿನೂ ಇಡಿ.

ಸ್ವಿಚ್‌ಗೂ ಇದೇ ಥರ ಮಿಗ್ ಅಂತ ಕಾರ್ಟ್ ಬಂದಿದೆ, ತಗೊಳ್ಳಿ ಅಂತೀರಾ ಅಂತ ಕೇಳೋರು ಜಾಸ್ತಿ ಆಗಿದಾರೆ. ಬೇಡ. ಗೇಮ್‌ಬಾಯ್ ಇಂಟರ್ನೆಟ್ಟಿಗೆ ಹೋಗಲ್ಲ, ಸ್ವಿಚ್ ಹೋಗತ್ತೆ, ಅದ್ರ ಒಂದೊಂದು ಕಾರ್ಡಿಗೂ ಅದ್ರದ್ದೇ ಸರ್ಟಿಫಿಕೇಟ್ ಇರತ್ತೆ, ಒಂದೇ ಸರ್ಟಿಫಿಕೇಟ್ ಎರಡು ಕಡೆ ಕಂಡ್ರೆ ಸಿಕ್ಕಿಬೀಳತ್ತೆ. 2025ರ ಜೂನಲ್ಲಿ ಸ್ವಿಚ್ 2 ಬಂದ ತಿಂಗಳೇ ಮಿಗ್ ಹಾಕಿದೋರ ಕನ್ಸೋಲುಗಳು ಆನ್‌ಲೈನಿಂದ ಬ್ಯಾನ್ ಆಗಕ್ಕೆ ಶುರುವಾಯ್ತು, ಅಕೌಂಟಲ್ಲ, ಆ ಮಷೀನೇ ಬ್ಯಾನ್. ಅಂಥ ಮಷೀನುಗಳು ಈಗ ಸೆಕೆಂಡ್ ಹ್ಯಾಂಡಲ್ಲಿ ಬರ್ತಿರ್ತವೆ, ರೇಟ್ ತುಂಬಾ ಕಮ್ಮಿ ಅನ್ಸಿದ್ರೆ ದುಡ್ಡು ಕೊಡೋಕ್ ಮುಂಚೆ ನಿಮ್ಮ ಮೊಬೈಲ್ ಹಾಟ್‌ಸ್ಪಾಟಿಗೆ ಕನೆಕ್ಟ್ ಮಾಡ್ಸಿ, ಆನ್‌ಲೈನ್ ಸರ್ವೀಸ್ ತೆಗೆಯತ್ತಾ ಅಂತ ಮಾರೋನ ಎದುರಿಗೇ ನೋಡ್ಕೊಳ್ಳಿ.